ಮೂರು ದೇಶ, ಒಂದು ಸುತ್ತು: ಬಾಲ್ಕನ್ ಬೆಟ್ಟಗಳಲ್ಲಿ ನಡೆಯಲು ಹೊರಟವರಿಗೆ

ಪ್ರಶ್ನೆ: ನನಗೆ 53 ವರ್ಷ, ಹೆಂಡತಿಗೆ 49. ಧಾರವಾಡದವರು. ಕುಮಾರ ಪರ್ವತ, ಕೊಡಚಾದ್ರಿ ಹತ್ತಿದ್ದೇವೆ. ಹಿಮಾಲಯದಲ್ಲಿ ಕೇದಾರಕಂಠ ಆಗಿದೆ. ಬಾಲ್ಕನ್ ದೇಶಗಳಲ್ಲಿ ನಡೆದುಕೊಂಡೇ ಗಡಿ ದಾಟುವ ಚಾರಣ ಇದೆ ಎಂದು ಕೇಳಿದೆವು. ಎರಡು ವಾರ ರಜೆ ಸಿಗುತ್ತದೆ. ಕ್ರೊವೇಷ್ಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಸಾಧ್ಯವಾದರೆ ಇನ್ನೆರಡು ದೇಶ ನೋಡುವ ಆಸೆ. ಯಾವ ದಾರಿ ಹಿಡಿಯಬೇಕು? ವೀಸಾ ಹೇಗೆ? ನಾವು ಸಸ್ಯಾಹಾರಿಗಳು. ಯುದ್ಧ ನಡೆದ ಜಾಗ ಅದು, ಭಯ ಇಲ್ಲವೇ? ಹೆಂಡತಿಗೆ ಇಳಿಜಾರಿನಲ್ಲಿ ಮಂಡಿ ನೋಯುತ್ತದೆ, ಅದಕ್ಕೇನು ಮಾಡಬೇಕು?

ಉತ್ತರ:

ಮೊದಲು ನಿಮ್ಮ ದೇಶಗಳ ಪಟ್ಟಿಗೆ ಕತ್ತರಿ ಹಾಕುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಎರಡು ವಾರದಲ್ಲಿ ಆರು ದೇಶ ಅಂದರೆ ಅರ್ಧ ದಿನಗಳು ಬಸ್ಸಿನಲ್ಲೇ ಹೋಗುತ್ತವೆ. ಬಾಲ್ಕನ್ ರಸ್ತೆಗಳು ಬೆಟ್ಟ ಬಳಸಿಕೊಂಡು ಹೋಗುತ್ತವೆ. ಭೂಪಟದಲ್ಲಿ ಗೇಣುದ್ದ ಕಾಣುವ ದೂರಕ್ಕೆ ಇಡೀ ದಿನ ಬೇಕು. ನಿಮಗೆ ಬೇಕಿರುವುದು ನಡಿಗೆ. ಹಾಗಾದರೆ ಮೂರೇ ದೇಶ ಸಾಕು: ಅಲ್ಬೇನಿಯಾ, ಕೊಸೊವೊ, ಮಾಂಟೆನೆಗ್ರೊ. ಈ ಮೂರೂ ಒಂದೇ ಬೆಟ್ಟಸಾಲಿನ ನೆತ್ತಿಯಲ್ಲಿ ಕೂಡುತ್ತವೆ. ಆ ಸಾಲನ್ನು ಸುತ್ತಿ ಬರುವ ದಾರಿಯೇ ‘ಪೀಕ್ಸ್ ಆಫ್ ದ ಬಾಲ್ಕನ್ಸ್’. ಉದ್ದ 192 ಕಿಲೋಮೀಟರ್. ಸಾಮಾನ್ಯವಾಗಿ 10 ದಿನದ ನಡಿಗೆ. ಜರ್ಮನಿಯ ನೆರವಿನಿಂದ ಗುರುತು ಹಾಕಿ 2012ರ ಹೊತ್ತಿಗೆ ತೆರೆದರು. ಹಾಗಂತ ದಾರಿ ಹೊಸದಲ್ಲ. ಕುರಿ ಮೇಯಿಸುವವರು, ಸಂತೆಗೆ ಹೋಗುವವರು, ಮದುವೆ ಸಂಬಂಧಕ್ಕೆ ಓಡಾಡುವವರು ತಲೆಮಾರುಗಳಿಂದ ಬಳಸಿದ ಕಾಲುದಾರಿಗಳನ್ನೇ ಜೋಡಿಸಿದ್ದಾರೆ.

ಸ್ಲೊವೇನಿಯಾದಿಂದ ಶುರುವಾಗಿ ಕ್ರೊವೇಷ್ಯಾ, ಬೋಸ್ನಿಯಾ ಹಾದು ಬರುವ ವಿಯಾ ದಿನಾರಿಕಾ ಎಂಬ ದಾರಿಯೂ ಇದೆ. ಅದು ಸಾವಿರ ಕಿಲೋಮೀಟರಿಗೂ ಜಾಸ್ತಿ. ಅದಕ್ಕೆ ಒಂದು ಬೇಸಿಗೆ ಪೂರ್ತಿ ಬೇಕು. ನಿವೃತ್ತಿಯ ನಂತರ ನೋಡೋಣ.

ಈ ಬೆಟ್ಟಸಾಲಿಗೆ ಅಲ್ಬೇನಿಯನ್ನರು ಬ್ಯೆಷ್ಕತ್ ಎ ನೆಮುನಾ ಅನ್ನುತ್ತಾರೆ, ಮಾಂಟೆನೆಗ್ರೊದವರು ಪ್ರೊಕ್ಲೆಟಿಯೆ ಅನ್ನುತ್ತಾರೆ. ಎರಡಕ್ಕೂ ಶಾಪಗ್ರಸ್ತ ಬೆಟ್ಟಗಳು ಅಂತಲೇ ಅರ್ಥ. ಅತಿ ಎತ್ತರದ ಶಿಖರ ಮಾಯಾ ಯೆಜೆರ್ಸ್, 2694 ಮೀಟರ್. ಕೇದಾರಕಂಠ ಹತ್ತಿದವರಿಗೆ ಇದು ಎತ್ತರ ಅನ್ನಿಸುವುದಿಲ್ಲ. ಉಸಿರಾಟದ ತೊಂದರೆ ಇಲ್ಲ. ಆದರೆ ಇಲ್ಲಿನ ಕಷ್ಟ ಬೇರೆ ಥರದ್ದು. ಹೆಚ್ಚುಕಮ್ಮಿ ದಿನಾ ಒಂದು ಕಣಿವೆಯಿಂದ ಮೇಲೆದ್ದು, ಒಂದು ಕಣಿವೆಬಾಯಿ (ಎರಡು ಕಣಿವೆಗಳ ನಡುವೆ ಬೆಟ್ಟಸಾಲನ್ನು ದಾಟುವ ಎತ್ತರದ ಜಾಗ) ದಾಟಿ, ಇನ್ನೊಂದು ಕಣಿವೆಗೆ ಇಳಿಯಬೇಕು. 700ರಿಂದ 1200 ಮೀಟರ್ ಹತ್ತುವುದು, ಅಷ್ಟೇ ಇಳಿಯುವುದು. ಮರುದಿನ ಮತ್ತೆ ಅದೇ. ಇದು ಸುಣ್ಣಕಲ್ಲಿನ ಬೆಟ್ಟ. ಕಲ್ಲು ಚೂಪು, ಇಳಿಜಾರಿನಲ್ಲಿ ಜಲ್ಲಿ ಜಾರುತ್ತದೆ. ನೀರು ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಹಾಗಾಗಿ ಹಸಿರು ಕಣಿವೆಯಲ್ಲಿ ತೊರೆ ಹರಿಯುತ್ತಿದ್ದರೂ ಮೇಲೆ ಗಂಟೆಗಟ್ಟಲೆ ಒಂದು ಹನಿ ಸಿಗದ ಜಾಗಗಳಿವೆ. ಇಬ್ಬರೂ ತಲಾ ಎರಡು ಲೀಟರ್ ಹೊರಿ.

ದಾರಿ ಆರಿಸುವ ಮುಂಚೆ ಗಡಿಯ ಕಥೆ ಹೇಳಬೇಕು. ಯಾಕಂದ್ರೆ ನಿಮ್ಮ ವೀಸಾ ತಲೆನೋವು, ನೀವು ಕೇಳಿದ ಭಯ, ಆ ಜನರ ಆದರ, ಎಲ್ಲದಕ್ಕೂ ಅದರ ನಂಟಿದೆ. 1878ರ ಬರ್ಲಿನ್ ಸಮಾವೇಶದಲ್ಲಿ ಯೂರೋಪಿನ ದೊಡ್ಡ ರಾಜ್ಯಗಳು ಪ್ಲಾವ್ ಮತ್ತು ಗುಸಿನ್ಯೆ ಎಂಬ ಎರಡು ಊರುಗಳನ್ನು ಮಾಂಟೆನೆಗ್ರೊಗೆ ಕೊಟ್ಟವು. ಊರಿನವರು ಒಪ್ಪಲಿಲ್ಲ. ಗುಸಿನ್ಯೆಯ ಅಲಿ ಪಾಷಾನ ಮುಂದಾಳತ್ವದಲ್ಲಿ 1879ರ ಚಳಿಗಾಲದಲ್ಲಿ ಕಾದಾಡಿ ಮಾಂಟೆನೆಗ್ರೊ ಸೈನ್ಯವನ್ನು ತಡೆದರು. ಕೊನೆಗೆ ಮಾಂಟೆನೆಗ್ರೊಗೆ ಅದರ ಬದಲು ಸಮುದ್ರದಂಡೆಯ ಉಲ್ಸಿನ್ ಕೊಡಬೇಕಾಯಿತು. 1912ರ ಬಾಲ್ಕನ್ ಯುದ್ಧದಲ್ಲಿ ಈ ಊರುಗಳು ಮಾಂಟೆನೆಗ್ರೊ ಕೈಗೇ ಹೋದವು. 1913ರಲ್ಲಿ ಲಂಡನ್ನಿನಲ್ಲಿ ಕೂತ ರಾಯಭಾರಿಗಳು ಅಲ್ಬೇನಿಯಾದ ಗಡಿ ಎಳೆದಾಗ ಅಲ್ಬೇನಿಯನ್ ಮಾತಾಡುವ ಎಷ್ಟೋ ಕಣಿವೆಗಳು ಆಚೆ ಉಳಿದವು. ನೀವು ಮಲಗುವ ವುಸಾನ್ಯೆ ಮಾಂಟೆನೆಗ್ರೊದಲ್ಲಿದೆ, ಆದರೆ ಅಲ್ಲಿನ ಮನೆಮಾತು ಅಲ್ಬೇನಿಯನ್. ಮರುದಿನ ಬೆಟ್ಟ ದಾಟಿ ಅಲ್ಬೇನಿಯಾದ ಥೆಥ್‌ಗೆ ಇಳಿದರೆ ಅಲ್ಲೂ ಅದೇ ಮಾತು. ಗುಸಿನ್ಯೆ ಹತ್ತಿರ ನೆಲದಿಂದ ಉಕ್ಕುವ ತಣ್ಣನೆಯ ಬುಗ್ಗೆಗಳಿಗೆ ಇವತ್ತಿಗೂ ಅಲಿ ಪಾಷಾನ ಹೆಸರೇ ಇದೆ. ನಡೆದು ದಣಿದ ಕಾಲನ್ನು ಅದರಲ್ಲಿ ಇಡಿ. ಒಂದು ನಿಮಿಷ ತಡೆದುಕೊಂಡರೆ ಹೆಚ್ಚು.

ಮಾಂಟೆನೆಗ್ರೊ, ಕೊಸೊವೊ ಎರಡೂ ಆಗ ಯುಗೊಸ್ಲಾವಿಯಾದಲ್ಲಿದ್ದವು. 1948ರಲ್ಲಿ ಅದರ ನಾಯಕ ಟಿಟೋ ಮತ್ತು ಸೋವಿಯತ್ ನಾಯಕ ಸ್ಟಾಲಿನ್ ನಡುವೆ ಒಡಕಾಯಿತು. ಅಲ್ಬೇನಿಯಾದ ಎನ್ವರ್ ಹೋಜಾ ಸ್ಟಾಲಿನ್ ಕಡೆ ನಿಂತ. ಆಮೇಲೆ ಈ ಗಡಿ ಮುಚ್ಚಿತು. ಹೆಚ್ಚುಕಮ್ಮಿ ನಾಲ್ಕು ದಶಕ ಮುಚ್ಚೇ ಇತ್ತು. ಈಚೆ ಕಣಿವೆಯ ಅಣ್ಣನಿಗೆ ಆಚೆ ಕಣಿವೆಯ ತಂಗಿಯ ಮುಖ ನೋಡಲಾಗಲಿಲ್ಲ. ದಾಟಲು ಹೋದವರಿಗೆ ಗುಂಡೇಟು. ದಾರಿಯುದ್ದಕ್ಕೂ ಸಿಗುವ ಕಾಂಕ್ರೀಟಿನ ಗುಮ್ಮಟಗಳು ಆ ಕಾಲದವು. ಅಣಬೆಯ ಹಾಗೆ ನೆಲಕ್ಕಂಟಿ ಕೂತಿವೆ. ಬಂದೂಕಿನ ಮೂತಿ ಇಡಲು ಒಂದು ಸೀಳುಗಂಡಿ, ಒಳಗೆ ಒಬ್ಬಿಬ್ಬರು ಕೂರುವಷ್ಟು ಜಾಗ. ಅಲ್ಬೇನಿಯಾದ ತುಂಬ ಇಂಥ ಲಕ್ಷಕ್ಕೂ ಮೀರಿದ ಬಂಕರುಗಳನ್ನು ಕಟ್ಟಿಸಿದ್ದರು. ಬರದೇ ಹೋದ ಶತ್ರುವಿಗಾಗಿ ಆ ಬಡ ದೇಶ ಅಷ್ಟು ಸಿಮೆಂಟು, ಕಬ್ಬಿಣ ಸುರಿಯಿತು. ವುಸಾನ್ಯೆಯಿಂದ ಥೆಥ್‌ಗೆ ಹೋಗುವ ದಿನ, ಪೇಯಾ ಕಣಿವೆಬಾಯಿಯ ಹುಲ್ಲುಗಾವಲಿನಲ್ಲಿ ಇವನ್ನು ಹತ್ತಿರದಿಂದ ನೋಡುತ್ತೀರಿ. ಅಲ್ಲಿ ಸುಮ್ನೆ ಒಂದು ಹತ್ತು ನಿಮಿಷ ಕೂತು ಎರಡೂ ಕಡೆ ನೋಡಿ. ಈಚೆ ಆಚೆ ಬೆಟ್ಟದಲ್ಲಿ ಏನೇನೂ ವ್ಯತ್ಯಾಸ ಕಾಣುವುದಿಲ್ಲ. ದೇಶಗಳ ಲೆಕ್ಕಕ್ಕಿಂತ ಈ ಒಂದು ಗಡಿಯನ್ನು ಕಾಲಿನಿಂದ ದಾಟುವುದು ದೊಡ್ಡದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ವೀಸಾ. ಭಾರತದ ಪಾಸ್‌ಪೋರ್ಟಿಗೆ ಮೂರೂ ದೇಶಕ್ಕೆ ವೀಸಾ ಬೇಕು. ಮೂರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟ) ಒಳಗಿಲ್ಲ. ಆದರೆ ಕೈಯಲ್ಲಿ ಹಲವು ಪ್ರವೇಶದ ಷೆಂಗೆನ್ ವೀಸಾ ಇದ್ದರೆ ಮೂರೂ ಒಳಗೆ ಬಿಡುತ್ತವೆ: ಅಲ್ಬೇನಿಯಾ 90 ದಿನದವರೆಗೆ, ಮಾಂಟೆನೆಗ್ರೊ 30 ದಿನ, ಕೊಸೊವೊ 15 ದಿನ. ಅಲ್ಬೇನಿಯಾಕ್ಕೆ ಒಂದು ಷರತ್ತಿದೆ. ಆ ಷೆಂಗೆನ್ ವೀಸಾವನ್ನು ಮೊದಲು ಒಮ್ಮೆಯಾದರೂ ಬಳಸಿರಬೇಕು. ಬೆಂಗಳೂರಿನಿಂದ ಇಸ್ತಾಂಬುಲ್ ಮೇಲೆ ಸೀದಾ ಅಲ್ಬೇನಿಯಾದ ರಾಜಧಾನಿ ಟಿರಾನಾಕ್ಕೆ ಇಳಿದರೆ ವೀಸಾ ಬಳಸಿದ ದಾಖಲೆ ಇರುವುದಿಲ್ಲ. ಅಲ್ಲೇ ಸಿಕ್ಕಿಬೀಳುತ್ತೀರಿ. ಅದಕ್ಕೇ ನಾನು ಹೇಳುವ ದಾರಿ ಇಟಲಿಯದು. ರೋಮಿಗೆ ಇಳಿಯಿರಿ, ಒಂದೆರಡು ದಿನ ಇರಿ, ರೈಲಿನಲ್ಲಿ ಬಾರಿ ಎಂಬ ಬಂದರು ಊರಿಗೆ ಬನ್ನಿ. ಬಾರಿಯಿಂದ ಅಲ್ಬೇನಿಯಾದ ದುರಸ್‌ಗೆ ರಾತ್ರಿ ಹಡಗಿದೆ. ಸಂಜೆ ಹತ್ತಿದರೆ ಬೆಳಗ್ಗೆ ಆಚೆ ದಡ. ನಿದ್ದೆಯೂ ಆಯಿತು, ಷೆಂಗೆನ್ ಒಳಗೆ ಹೋಗಿ ಹೊರಬಂದ ದಾಖಲೆಯೂ ಆಯಿತು.

ಇಟಲಿ ವೀಸಾ ಅರ್ಜಿಯಲ್ಲಿ ಪ್ರವಾಸದ ವಿವರ ಇದ್ದದ್ದು ಇದ್ದ ಹಾಗೇ ಬರೆಯಿರಿ. ಇಟಲಿಯಲ್ಲಿ ಇಷ್ಟು ದಿನ, ಆಮೇಲೆ ಅಲ್ಬೇನಿಯಾ, ಮತ್ತೆ ಇಟಲಿ ಮೂಲಕ ವಾಪಸ್, ಅದಕ್ಕೇ ಹಲವು ಪ್ರವೇಶ ಬೇಕು ಅಂತ. ಒಂದೇ ಪ್ರವೇಶದ ವೀಸಾ ಕೊಟ್ಟರೆ ಈ ಯೋಜನೆ ಕೈಬಿಡಬೇಕಾಗುತ್ತದೆ. ಹಾಗಾಗಿ ಹಣ ವಾಪಸ್ ಬರದ ಬುಕಿಂಗ್ ಯಾವುದನ್ನೂ ವೀಸಾ ಕೈಗೆ ಬರುವ ಮುಂಚೆ ಮಾಡಬೇಡಿ. ಚಾರಣ ಮುಗಿಯುವವರೆಗೂ ಷೆಂಗೆನ್ ವೀಸಾ ಚಾಲ್ತಿಯಲ್ಲಿರಬೇಕು ಅನ್ನುವುದನ್ನೂ ಮರೆಯಬೇಡಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ತೆಗೆಯುವ ಮುನ್ನ ಮೂರೂ ದೇಶದ ವಿದೇಶಾಂಗ ಇಲಾಖೆಯ ಜಾಲತಾಣ ನೋಡಿ, ಆ ಪುಟಗಳನ್ನು ಮುದ್ರಿಸಿಕೊಂಡು ಜೊತೆಗಿಟ್ಟುಕೊಳ್ಳಿ. ವಿಮಾನ ಕಂಪನಿಯ ಕೌಂಟರಿನಲ್ಲಿರುವವರಿಗೆ ಈ ರಿಯಾಯಿತಿ ಗೊತ್ತಿಲ್ಲದೆ ತಡೆಯುವುದುಂಟು.

ವೀಸಾ ಒಂದು, ಗಡಿ ದಾಟುವ ಅನುಮತಿ ಇನ್ನೊಂದು. ಬೆಟ್ಟದ ಮೇಲೆ ನೀವು ದಾಟುವ ಜಾಗಗಳಲ್ಲಿ ಚೆಕ್‌ಪೋಸ್ಟ್ ಇಲ್ಲ, ಮುದ್ರೆ ಹಾಕುವವರಿಲ್ಲ. ಹಾಗಾಗಿ ಯಾವ ದಿನ ಎಲ್ಲಿ ದಾಟುತ್ತೀರಿ ಅಂತ ಗಡಿ ಪೊಲೀಸರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪತ್ರ ತರಿಸಿಕೊಳ್ಳಬೇಕು. ಸ್ಥಳೀಯ ಚಾರಣ ಸಂಸ್ಥೆಗಳು ಸ್ವಲ್ಪ ಶುಲ್ಕ ತೆಗೆದುಕೊಂಡು ಇದನ್ನು ಮಾಡಿಸಿಕೊಡುತ್ತವೆ. ಹೊರಡುವ ಒಂದು ತಿಂಗಳ ಮುಂಚೆಯೇ ಶುರುಮಾಡಿ. ಯೂರೋಪಿನವರಲ್ಲಿ ಕೆಲವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅವರ ಪಾಸ್‌ಪೋರ್ಟಿಗೆ ವೀಸಾದ ಗೊಡವೆ ಇಲ್ಲ. ನಮಗೆ ಅದು ಸಲ್ಲದು. ಗಸ್ತಿನವರು ಸಿಕ್ಕರೆ ಪತ್ರ ತೋರಿಸಲೇಬೇಕು.

ಇದರಿಂದಲೇ ನನ್ನ ಇನ್ನೊಂದು ಮಾತು ಹುಟ್ಟುತ್ತದೆ. ಎಲ್ಲಿ ಮುದ್ರೆ ಹಾಕಿಸಿಕೊಂಡು ಒಳಗೆ ಹೋದಿರೋ, ಅದೇ ದೇಶದಲ್ಲಿ ನಡಿಗೆ ಮುಗಿಸಿ, ಅಲ್ಲಿಂದಲೇ ಹೊರಗೆ ಬನ್ನಿ. ಅಲ್ಬೇನಿಯಾದಲ್ಲಿ ಶುರುಮಾಡಿ ಮಾಂಟೆನೆಗ್ರೊದ ವಿಮಾನ ನಿಲ್ದಾಣದಲ್ಲಿ ಹೊರಡಲು ಹೋದರೆ ‘ನೀವು ಒಳಗೆ ಬಂದ ಮುದ್ರೆ ಎಲ್ಲಿ?’ ಅನ್ನುವ ಪ್ರಶ್ನೆ ಬರುತ್ತದೆ. ಈ ದಾರಿ ಸುತ್ತಾಗಿರುವುದು ಇಲ್ಲಿ ಅನುಕೂಲ. ಕೊಸೊವೊದ ವಿಷಯ ಇನ್ನೂ ಸೂಕ್ಷ್ಮ. ಅದು 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಭಾರತ ಅದನ್ನು ದೇಶವೆಂದು ಮಾನ್ಯ ಮಾಡಿಲ್ಲ. ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಪಾಸ್‌ಪೋರ್ಟ್ ಕಳೆದರೆ ಓಡಿಹೋಗುವ ಬಾಗಿಲಿಲ್ಲ ಅಂತಲೇ ತಿಳಿಯಿರಿ. ಅದನ್ನು ಮೈಮೇಲೆ ಕಟ್ಟಿಕೊಂಡೇ ನಡೆಯಿರಿ. ಕೊಸೊವೊದಿಂದ ಸರ್ಬಿಯಾಕ್ಕೆ ಹೋಗುವ ಯೋಚನೆಯಂತೂ ಬೇಡ. ಸರ್ಬಿಯಾ ಅದನ್ನು ಇನ್ನೂ ತನ್ನದೇ ಜಾಗ ಅನ್ನುತ್ತದೆ. ಆ ಕಡೆಯಿಂದ ಬಂದವರನ್ನು ಅಕ್ರಮವಾಗಿ ನುಸುಳಿದವರ ಹಾಗೆ ನೋಡುತ್ತದೆ.

ಇನ್ನು ದಾರಿ. ಪುಸ್ತಕದ ಕ್ರಮದಲ್ಲಿ ಎಲ್ಲರೂ ಥೆಥ್‌ನಿಂದ ವಾಲ್ಬೋನಾಕ್ಕೆ ಮೊದಲ ದಿನ ಹತ್ತುತ್ತಾರೆ. ನಾನು ನಿಮಗೆ ವಾಲ್ಬೋನಾದಿಂದ ಶುರುಮಾಡಿ ಅನ್ನುತ್ತೇನೆ. ದುರಸ್‌ನಿಂದ ಶ್ಕೊಡ್ರಕ್ಕೆ ಬಂದು ರಾತ್ರಿ ಕಳೆಯಿರಿ. ನಸುಕಿನಲ್ಲೇ ಕೋಮಾನ್‌ಗೆ ವ್ಯಾನ್ ಹೊರಡುತ್ತದೆ. ಅಲ್ಲಿ ದ್ರಿನ್ ನದಿಗೆ 1980ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿದೆ. ಅದರ ಹಿನ್ನೀರಿನಲ್ಲಿ ಫಿಯೆರ್ಜಾದವರೆಗೆ ಎರಡೂವರೆ ಮೂರು ಗಂಟೆ ದೋಣಿ ಪಯಣ. ಎರಡೂ ಕಡೆ ನೆಟ್ಟಗೆ ನಿಂತ ಬಂಡೆಗೋಡೆ. ದೋಣಿ ನಡುವೆ ಎಲ್ಲೋ ನಿಲ್ಲುತ್ತದೆ. ಒಬ್ಬ ಅಜ್ಜಿ ಗೋಧಿಹಿಟ್ಟಿನ ಮೂಟೆ ಇಳಿಸಿಕೊಂಡು, ರಸ್ತೆಯೇ ಕಾಣದ ಬೆಟ್ಟದ ಕಡೆ ನಡೆದುಹೋಗುತ್ತಾಳೆ. ಫಿಯೆರ್ಜಾದಿಂದ ಬಾಯ್ರಾಮ್ ಸುರ್ರಿ ಪಟ್ಟಣದ ಮೇಲೆ ವಾಲ್ಬೋನಾ. ಬಾಯ್ರಾಮ್ ಸುರ್ರಿಯಲ್ಲೇ ಎಟಿಎಂ ನೋಡಿಕೊಳ್ಳಿ. ಇನ್ನು ಮೇಲೆ ಎಲ್ಲ ನಗದು.

ವಾಲ್ಬೋನಾದಿಂದ ಚೆರೆಮ್‌ಗೆ ಹೋಗುವ ದಿನ ಸುಲಭ. ಮೈ ಹದವಾಗಲು ಒಳ್ಳೆಯದು. ಮರುದಿನ ದೊಬರ್ದೋಲ್. ಈ ಇಡೀ ಸುತ್ತಿನಲ್ಲಿ ನನಗೆ ಅತಿ ಇಷ್ಟದ ಜಾಗ ಇದು. ಊರಲ್ಲ, ಬೇಸಿಗೆಯ ಹಟ್ಟಿ. ಜೂನ್‌ನಲ್ಲಿ ಮನೆಮಂದಿ, ಹಸು, ಕುರಿ ಎಲ್ಲ ಸೇರಿ ಕೆಳಗಿನ ಊರುಗಳಿಂದ ಇಲ್ಲಿಗೆ ಬರುತ್ತಾರೆ. ಸೆಪ್ಟೆಂಬರ್‌ನಲ್ಲಿ ಇಳಿದುಹೋಗುತ್ತಾರೆ. ಆಮೇಲೆ ಹಿಮ ಬೀಳುತ್ತದೆ, ಯಾರೂ ಇರುವುದಿಲ್ಲ. ಕಲ್ಲು, ಮರದ ಪುಟ್ಟ ಮನೆಗಳು, ಬಾಗಿಲಲ್ಲಿ ಮೊಸರು ಸೋಸಲು ಕಟ್ಟಿದ ಬಟ್ಟೆ, ಸಂಜೆಗೆ ಹೊಗೆ. ಸಂಜೆ ಕುರಿಮಂದೆ ಇಳಿದು ಬರುವಾಗ ಇಡೀ ಬೋಗುಣಿ ಕಣಿವೆ ಗಂಟೆಯ ಸದ್ದಿನಿಂದ ತುಂಬುತ್ತದೆ. ಹಾಸಿಗೆ ಕಡಿಮೆ, ಬರುವವರು ಜಾಸ್ತಿ. ಇಲ್ಲಿನ ಬುಕಿಂಗ್ ಎಲ್ಲಕ್ಕಿಂತ ಮೊದಲು ಮಾಡಿ.

ದೊಬರ್ದೋಲ್‌ನಿಂದ ಮೇಲೇರಿದರೆ ಮೂರು ದೇಶ ಕೂಡುವ ಶಿಖರ ಟ್ರೊಮೆಜಾ, 2366 ಮೀಟರ್. ದಾರಿ ಅದರ ಪಕ್ಕದಲ್ಲೇ ಹಾದು ಕೊಸೊವೊಗೆ ಇಳಿಯುತ್ತದೆ. ಮಿಲಿಶೆವ್ತ್ಸ್, ಆಮೇಲೆ ರೆಕ ಎ ಅಲಾಗಸ್, ಆಮೇಲೆ ರುಗೋವಾ ಕಣಿವೆಯ ಕುಚಿಷ್ಟ್. ಕೊಸೊವೊದ ದಿನಗಳು ಉದ್ದ. ನಡುನಡುವೆ ಕಾಡಿನ ಜೀಪು ದಾರಿ ಬೇಸರ ತರಿಸುತ್ತದೆ. ರೆಕ ಎ ಅಲಾಗಸ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಟ್ಯಾಕ್ಸಿಯಲ್ಲಿ ಪೇಯಾ ಪಟ್ಟಣಕ್ಕೆ (ಅದೇ ಹೆಸರಿನ ಕಣಿವೆಬಾಯಿ ಬೇರೆ) ಇಳಿಯಿರಿ. ಬಟ್ಟೆ ಒಗೆಸಿ, ಔಷಧಿ ಕೊಳ್ಳಿ, ಯೂರೋ ತೆಗೆಯಿರಿ. ಪಟ್ಟಣದ ಅಂಚಿನಲ್ಲಿ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚಿನ ಹಳೆಯ ಮೂಲಪೀಠವಿದೆ, ಯುನೆಸ್ಕೊ ಪಟ್ಟಿಯಲ್ಲಿರುವುದು. ಕೆಂಪು ಗೋಡೆಯ ಒಳಗೆ ಮಧ್ಯಕಾಲದ ಭಿತ್ತಿಚಿತ್ರಗಳು. ಅದನ್ನು ನೋಡಿದರೆ ಈ ನೆಲ ಯಾಕೆ ಸರ್ಬರಿಗೂ ಅಲ್ಬೇನಿಯನ್ನರಿಗೂ ಇಷ್ಟು ಬೇಕಾದದ್ದು ಅನ್ನುವುದು ಅರ್ಥವಾಗುತ್ತದೆ.

ಕುಚಿಷ್ಟ್‌ನಿಂದ ಮೇಲೆ ಎರಡು ಬೆಟ್ಟದ ಕೆರೆಗಳನ್ನು ದಾಟಿ, 2200 ಮೀಟರ್ ಮೀರಿದ ಕಣಿವೆಬಾಯಿಯಲ್ಲಿ ಮಾಂಟೆನೆಗ್ರೊಗೆ ಹೊಕ್ಕು ಬಾಬಿನೊ ಪೋಲ್ಯೆಗೆ ಇಳಿಯುತ್ತೀರಿ. ಮರುದಿನ ಹ್ರಿದ್ ಕೆರೆಯ ಪಕ್ಕದಿಂದ ಪ್ಲಾವ್‌ಗೆ. ಪ್ಲಾವ್‌ನಿಂದ ವುಸಾನ್ಯೆಗೆ ನಡೆಯುವ ದಿನ ಈ ಸುತ್ತಿನಲ್ಲೇ ಕಠಿಣವಾದದ್ದು. ಅದನ್ನು ಕಾರಿನಲ್ಲಿ ಹೋಗಿ. ಅರ್ಧ ಗಂಟೆಯ ಮೇಲೆ ಸ್ವಲ್ಪ ಆದೀತು. ಉಳಿದ ಹೊತ್ತನ್ನು ಗುಸಿನ್ಯೆಯಲ್ಲಿ, ಆ ಬುಗ್ಗೆಗಳ ಹತ್ತಿರ ಕಳೆಯಿರಿ. ನಡೆದೇ ತೀರುತ್ತೇನೆ ಅನ್ನುವ ಹುಮ್ಮಸ್ಸು ಆ ಹೊತ್ತಿಗೆ ಬಂದಿರುತ್ತದೆ. ಆದರೂ ಬೇಡ, ಮಾರನೆಯ ದಿನ ಅದಕ್ಕಿಂತ ಚೆನ್ನಾಗಿದೆ. ವುಸಾನ್ಯೆಯಿಂದ ರೊಪೊಯಾನಾ ಕಣಿವೆಯ ಬುಡದವರೆಗೆ ನಡೆದು, ಪೇಯಾ ಕಣಿವೆಬಾಯಿ ದಾಟಿ, ಎದೆ ಝಲ್ಲೆನ್ನುವ ಇಳಿಜಾರಿನಲ್ಲಿ ಥೆಥ್‌ಗೆ. ರೊಪೊಯಾನಾದ ಕೆರೆ ಜೂನ್‌ನಲ್ಲಿ ಹಿಮ ಕರಗಿದ ನೀರಿನಿಂದ ತುಂಬಿರುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಒಣಗಿ ಬರೀ ಬಿಳಿ ಕಲ್ಲು ಕಾಣುತ್ತದೆ.

ಥೆಥ್ ತಲುಪಿದಾಗ ಹತ್ತು ದಿನ, ಪೇಯಾದ ಬಿಡುವು ಸೇರಿ. ಕಾಲಿಗೆ ಶಕ್ತಿ ಇದ್ದರೆ ಥೆಥ್‌ನಿಂದ ವಾಲ್ಬೋನಾ ಕಣಿವೆಬಾಯಿವರೆಗೆ ಹತ್ತಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಸುಮಾರು 1800 ಮೀಟರ್ ಎತ್ತರದ ಆ ಬಾಯಿಯಿಂದ ಎರಡೂ ಕಣಿವೆ ಕಾಣುತ್ತವೆ. ಇಲ್ಲದಿದ್ದರೆ ಥೆಥ್‌ನಲ್ಲೇ ಕೂತು ಹಳೆಯ ಕಲ್ಲಿನ ಬುರುಜು ನೋಡಿ. ಕೊಲೆಗೆ ಕೊಲೆ ಅನ್ನುವ ಹಗೆತನದ ಕಾಲದಲ್ಲಿ, ಎದುರಾಳಿ ಮನೆತನಕ್ಕೆ ಹೆದರಿದ ಗಂಡಸರು ಅದರೊಳಗೆ ಅಡಗಿರುತ್ತಿದ್ದರು. ಥೆಥ್‌ನಿಂದ ಶ್ಕೊಡ್ರಕ್ಕೆ ಈಗ ಡಾಂಬರು ರಸ್ತೆ ಇದೆ.

ಭಯದ ಬಗ್ಗೆ ಕೇಳಿದಿರಿ. ಕೊಸೊವೊ ಯುದ್ಧ ನಡೆದದ್ದು 1998–99ರಲ್ಲಿ. ಗಡಿಯುದ್ದಕ್ಕೂ ನೆಲಬಾಂಬು ಹೂತಿದ್ದರು. ಅಲ್ಬೇನಿಯಾ ತನ್ನ ಕಡೆಯದ್ದನ್ನೆಲ್ಲ ತೆಗೆದು 2009ರಲ್ಲಿ ಮುಕ್ತ ಎಂದು ಘೋಷಿಸಿತು. ಈ ದಾರಿಯಲ್ಲಿ ವರ್ಷಾ ಸಾವಿರಾರು ಜನ ನಡೆಯುತ್ತಾರೆ. ಕೆಂಪು ಬಿಳಿ ಗುರುತು ಬಿಟ್ಟು ಪೊದೆಯೊಳಗೆ ನುಗ್ಗಬೇಡಿ, ಅಷ್ಟೇ. ಕರಡಿ, ತೋಳ ಇವೆ, ಆದರೆ ಕಾಣಿಸುವುದು ಅಪರೂಪ. ನಿಜವಾಗಿ ಹುಷಾರಾಗಿರಬೇಕಾದದ್ದು ಕುರಿಕಾಯುವ ನಾಯಿಗಳ ಬಗ್ಗೆ. ಶಾರ್ ಬೆಟ್ಟದ ತಳಿ, ಕರುವಿನಷ್ಟು ದೊಡ್ಡದು. ಮಂದೆಯ ಮಧ್ಯೆ ಹಾಯಬೇಡಿ. ನಾಯಿ ಬೊಗಳುತ್ತ ಬಂದರೆ ನಿಂತುಬಿಡಿ, ಓಡಬೇಡಿ, ಕುರುಬ ಕೂಗಿ ಕರೆಯುವವರೆಗೆ ಕಾಯಿರಿ. ಇನ್ನೊಂದು ಅಪಾಯ ಮಧ್ಯಾಹ್ನದ ಸಿಡಿಲು. ಜುಲೈ, ಆಗಸ್ಟ್‌ನಲ್ಲಿ ಎರಡು ಮೂರು ಗಂಟೆಯ ಹೊತ್ತಿಗೆ ಮೋಡ ಕಟ್ಟುತ್ತದೆ. ಬೆಳಗ್ಗೆ ಆರೂವರೆಗೆ ಹೊರಟು, ಒಂದು ಗಂಟೆಯೊಳಗೆ ಎತ್ತರದ ಜಾಗ ದಾಟಿರಬೇಕು.

ಜನರ ವಿಷಯದಲ್ಲಿ ಭಯ ಪೂರ್ತಿ ಬಿಡಿ. ಆ ಬೆಟ್ಟದವರಿಗೆ ಕಾನೂನ್ ಎಂಬ ಹಳೆಯ ಕಟ್ಟಳೆ ಇತ್ತು. ಮನೆ ದೇವರದ್ದು, ಅತಿಥಿಯದ್ದು ಅನ್ನುವುದು ಅದರ ಮಾತು. ಹೊಸ್ತಿಲು ದಾಟಿದವನ ಜೀವಕ್ಕೆ ಮನೆಯವನೇ ಹೊಣೆ. ಅದರ ಕಳೆ ಇವತ್ತಿಗೂ ಕಾಣುತ್ತದೆ. ಶೂ ಬಿಚ್ಚಿ ಒಳಗೆ ಹೋದ ಕೂಡಲೇ ಬೆಟ್ಟದ ಗಿಡದ ಚಹಾ ಬರುತ್ತದೆ, ಹೆಸರು ಆಮೇಲೆ ಕೇಳುತ್ತಾರೆ. ಇಂಡಿಯಾ ಅಂದರೆ ಅಲ್ಬೇನಿಯನ್ ಮನೆಗಳಲ್ಲಿ ಮೊದಲು ಬರುವ ಮಾತು ‘ನೆನ ತೆರೆಜಾ’. ಮದರ್ ತೆರೆಸಾ ಹುಟ್ಟಿದ್ದು 1910ರಲ್ಲಿ, ಈಗಿನ ಉತ್ತರ ಮೆಸಿಡೋನಿಯಾದ ಸ್ಕೋಪ್ಯೆಯ ಅಲ್ಬೇನಿಯನ್ ಮನೆಯಲ್ಲಿ. ಟಿರಾನಾದ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ನಮ್ಮ ಮಗಳು ನಿಮ್ಮ ನಾಡಿಗೆ ಬಂದಳು, ನೀವು ಅವಳನ್ನು ನೋಡಿಕೊಂಡಿರಿ ಅನ್ನುವ ಭಾವ ಆ ಕಣ್ಣುಗಳಲ್ಲಿ ಕಾಣುತ್ತದೆ. ಈ ನಂಟು ನಿಮಗೆ ದಾರಿಯುದ್ದಕ್ಕೂ ಜೊತೆ ಕೊಡುತ್ತದೆ.

ಊಟ. ಸಸ್ಯಾಹಾರಿಗಳಿಗೆ ಇಲ್ಲಿ ಉಪವಾಸವಿಲ್ಲ, ಹಾಲು ಮೊಸರು ಗಿಣ್ಣು (ಚೀಸ್) ತಿನ್ನುವವರಾದರೆ. ಮೊಟ್ಟೆಯೂ ನಡೆದರೆ ಇನ್ನೂ ಸಲೀಸು. ಬೆಳಗ್ಗೆ ರೊಟ್ಟಿ, ಗಿಣ್ಣು, ಜೇನು, ಹಣ್ಣಿನ ಪಾಕ. ರಾತ್ರಿ ತರಕಾರಿ ಸಾರು, ಹುರುಳಿಕಾಯಿ ಇಲ್ಲವೇ ಬಿಳಿ ಬೀನ್ಸ್ ಕಾಳು, ಆಲೂಗಡ್ಡೆ, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ, ಟೊಮೆಟೊ, ದಪ್ಪ ಮೊಸರು. ಮಾಂಟೆನೆಗ್ರೊ ಕಡೆ ಕಾಚಮಾಕ್ ಕೊಡುತ್ತಾರೆ: ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆ ಸೇರಿಸಿ ಮರದ ಕೋಲಿನಿಂದ ಮುದ್ದೆ ಕೂಡಿಸಿದ ಹಾಗೆ ಕೂಡಿಸಿ, ಮೇಲೆ ಕೆನೆ, ಗಿಣ್ಣು ಹಾಕಿದ್ದು. ನಡೆದು ಬಂದ ಹೊಟ್ಟೆಗೆ ಒಂದು ತಟ್ಟೆ ಸಾಕು.

ಒಂದು ಮನೆಯಲ್ಲಾದರೂ ಫ್ಲಿಯಾ ಮಾಡುವುದನ್ನು ಕೂತು ನೋಡಿ. ಅಗಲವಾದ ತಟ್ಟೆಯಲ್ಲಿ ತೆಳ್ಳಗಿನ ಹಿಟ್ಟನ್ನು ನಡುವಿನಿಂದ ಅಂಚಿಗೆ ಗೆರೆ ಗೆರೆಯಾಗಿ, ಮಧ್ಯೆ ಜಾಗ ಬಿಟ್ಟು ಹುಯ್ಯುತ್ತಾರೆ. ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಮುಚ್ಚಳ ಮೇಲಿಡುತ್ತಾರೆ. ಒಂದೆರಡು ನಿಮಿಷಕ್ಕೆ ಆ ಗೆರೆ ಬೇಯುತ್ತದೆ. ಮುಚ್ಚಳ ಎತ್ತಿ ಕೆನೆ ಸವರಿ, ಬಿಟ್ಟ ಜಾಗದಲ್ಲಿ ಮತ್ತೆ ಗೆರೆ ಎಳೆಯುತ್ತಾರೆ. ಹೀಗೆ ಪದರದ ಮೇಲೆ ಪದರ, ಮೂರು ನಾಲ್ಕು ಗಂಟೆ. ಅಜ್ಜಿ ಹಿಟ್ಟು ಹುಯ್ಯುತ್ತಾಳೆ, ಸೊಸೆ ಮುಚ್ಚಳ ಎತ್ತಿಡುತ್ತಾಳೆ. ಬರುವ ಹಿಂದಿನ ದಿನವೇ ಕೇಳಿಕೊಂಡರೆ ಮಾಡಿಕೊಡುತ್ತಾರೆ. ಅದರಲ್ಲಿ ಮಾಂಸವಿಲ್ಲ.

ಆದರೆ ಎರಡು ಕಡೆ ಎಚ್ಚರ. ಬೀನ್ಸ್ ಕಾಳಿನ ಸಾರಿಗೆ ರುಚಿಗೆಂದು ಒಣಮಾಂಸದ ತುಂಡು ಹಾಕುವುದುಂಟು. ಬ್ಯುರೆಕ್ ಎಂಬ ಪದರದ ತಿಂಡಿಯಲ್ಲಿ ಗಿಣ್ಣಿನದ್ದೂ ಇದೆ, ಖೀಮಾದ್ದೂ ಇದೆ. ಅಲ್ಬೇನಿಯನ್‌ನಲ್ಲಿ ‘ಪಾ ಮಿಷ್’, ಮಾಂಟೆನೆಗ್ರೊದಲ್ಲಿ ‘ಬೆಜ್ ಮೆಸಾ’ ಅನ್ನಿ: ಮಾಂಸ ಬೇಡ ಅಂತ. ಬುಕಿಂಗ್ ಮಾಡುವಾಗಲೇ ತಿಳಿಸಿದರೆ ಇನ್ನೂ ಒಳ್ಳೆಯದು. ಮಧ್ಯಾಹ್ನಕ್ಕೆ ಕಟ್ಟಿಕೊಡುವ ಬುತ್ತಿ ಬರೀ ರೊಟ್ಟಿ, ಗಿಣ್ಣು ಆಗಿರುತ್ತದೆ. ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಒಯ್ಯಿರಿ.

ಅತಿಥಿಮನೆಗಳಲ್ಲಿ ಹಾಸಿಗೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಬ್ಬರಿಗೆ 30ರಿಂದ 50 ಯೂರೋ ಲೆಕ್ಕ ಹಿಡಿಯಿರಿ. ಕೊಸೊವೊ, ಮಾಂಟೆನೆಗ್ರೊ ಎರಡರಲ್ಲೂ ಯೂರೋವೇ ನಡೆಯುತ್ತದೆ. ಅಲ್ಬೇನಿಯಾದ್ದು ಲೆಕ್, ಆದರೆ ಬೆಟ್ಟದ ಮನೆಗಳು ಯೂರೋ ತೆಗೆದುಕೊಳ್ಳುತ್ತವೆ. ಚಿಲ್ಲರೆ ನೋಟು ಇರಲಿ. ವಿಮೆಯಲ್ಲಿ 3000 ಮೀಟರ್‌ವರೆಗಿನ ಚಾರಣ, ಹೆಲಿಕಾಪ್ಟರ್ ಎರಡೂ ಸೇರಿರಲಿ. ತುರ್ತಿಗೆ 112. ದಾರಿಯ ನಕ್ಷೆಯನ್ನು ಮೊಬೈಲಿನಲ್ಲಿ ಮೊದಲೇ ಇಳಿಸಿಕೊಳ್ಳಿ. ದೊಬರ್ದೋಲ್ ಕಡೆ ಸಿಗ್ನಲ್ ನಂಬಬೇಡಿ.

ಗೈಡ್ ಬೇಕೇ? ನಿಮ್ಮಿಬ್ಬರಿಗೆ ಬೇಕು ಅನ್ನುತ್ತೇನೆ, ಕನಿಷ್ಠ ಚೆರೆಮ್‌ನಿಂದ ಪ್ಲಾವ್‌ವರೆಗೆ. ಗಡಿ ದಾಟುವ ದಿನಗಳಲ್ಲಿ ಪೊಲೀಸರೊಂದಿಗೆ ಅವರ ಭಾಷೆಯಲ್ಲಿ ಮಾತಾಡುವವರು ಇದ್ದರೆ ಮನಸ್ಸಿಗೆ ಧೈರ್ಯ. ಮಂಜು ಕವಿದರೆ ಹುಲ್ಲುಗಾವಲಿನಲ್ಲಿ ಗುರುತು ಕಾಣುವುದೂ ಇಲ್ಲ. ಬಾಕಿ ದಿನ ನೀವಿಬ್ಬರೇ ನಡೆಯಬಹುದು.

ಕಾಲ ಯಾವುದು ಅಂದರೆ, ನಿಮಗೆ ಸೆಪ್ಟೆಂಬರ್ ಮೊದಲ ಎರಡು ವಾರ. ಜೂನ್ ಮಧ್ಯದವರೆಗೂ ಎತ್ತರದ ಬಾಯಿಗಳಲ್ಲಿ ಹಿಮ ಉಳಿದಿರುತ್ತದೆ. ಆಗಸ್ಟ್‌ನಲ್ಲಿ ಕಣಿವೆ ಸುಡುತ್ತದೆ, ಹಾಸಿಗೆ ಸಿಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಸಿಡಿಲು ಕಡಿಮೆ, ಹಟ್ಟಿಗಳಲ್ಲಿ ಇನ್ನೂ ಜನ ಇರುತ್ತಾರೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ಏಪ್ರಿಲ್‌ನಲ್ಲೇ ಹಾಕಿಬಿಡಿ. ರಜೆಯ ಎರಡೂ ತುದಿಗೆ ಶನಿವಾರ ಭಾನುವಾರ ಸೇರಿಸಿ 16 ದಿನ ಮಾಡಿಕೊಳ್ಳಿ. ಸಾಧ್ಯವಾದರೆ ಇನ್ನೊಂದೆರಡು ದಿನ ಕೇಳಿ.

ಕೊನೆಗೆ ಮಂಡಿ. ಇದನ್ನು ಹಗುರ ಮಾಡಬೇಡಿ. ಈ ಸುತ್ತಿನಲ್ಲಿ ಇಳಿಜಾರು ತಪ್ಪಿಸಲಾಗುವುದಿಲ್ಲ. ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಮೂರು ತಿಂಗಳು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮಾಡಿಸಿ. ಎರಡು ಊರುಗೋಲು ಕಡ್ಡಾಯ, ಇಳಿಯುವಾಗ ಅವನ್ನು ಉದ್ದ ಮಾಡಿಕೊಳ್ಳಲಿ. ಬೆನ್ನಿನ ಚೀಲ ಐದು ಕಿಲೋ ಮೀರದಿರಲಿ. ದೊಡ್ಡ ಚೀಲವನ್ನು ಹೆಚ್ಚಿನ ದಿನ ಕಾರಿನಲ್ಲೋ ಕುದುರೆಯ ಮೇಲೋ ಮುಂದಿನ ಮನೆಗೆ ಕಳಿಸಬಹುದು. ದುಡ್ಡು ಕೊಟ್ಟರೂ ಅದು ಸಾರ್ಥಕ. ಜುಲೈಯಲ್ಲಿ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಧಾರವಾಡದ ಹತ್ತಿರ ಅಷ್ಟು ಎತ್ತರದ ಬೆಟ್ಟವಿಲ್ಲ. ಮಳೆಗಾಲದಲ್ಲಿ ಘಟ್ಟದ ಚಾರಣಕ್ಕೆ ತಡೆಯೂ ಇರುತ್ತದೆ. ಹಾಗಾಗಿ ಎತ್ತರದ ಕಟ್ಟಡದ ಮೆಟ್ಟಿಲೇ ಗತಿ. ಚೀಲ ಹೊತ್ತು ಒಂದು ಗಂಟೆ ಹತ್ತಿ ಇಳಿಯುವುದು, ಮರುದಿನವೂ ಅದೇ, ಮೂರನೆಯ ದಿನವೂ ಅದೇ. ಮೂರನೆಯ ದಿನದ ಕೊನೆಗೆ ನೋವು ಏರದಿದ್ದರೆ ಪೂರ್ತಿ ಸುತ್ತಿಗೆ ಹೊರಡಿ. ಏರಿದರೆ ಕೊಸೊವೊ ಭಾಗ ಬಿಟ್ಟು, ವಾಲ್ಬೋನಾದಿಂದ ಥೆಥ್‌ಗೆ, ಥೆಥ್‌ನಿಂದ ವುಸಾನ್ಯೆಗೆ ನಡೆದು, ಒಂದು ದಿನ ಗುಸಿನ್ಯೆಯಲ್ಲಿ ಉಳಿದು, ಅದೇ ದಾರಿಯಲ್ಲಿ ಥೆಥ್‌ಗೆ ಮರಳಿ. ನಾಲ್ಕೈದು ದಿನದ ಕೆಲಸ. ಒಂದು ಗಡಿಯನ್ನು ಎರಡು ಸಲ ದಾಟುತ್ತೀರಿ, ಬಂಕರು, ಬುಗ್ಗೆ, ಫ್ಲಿಯಾ ಎಲ್ಲವೂ ಸಿಗುತ್ತವೆ. ಅನುಮತಿ ಪತ್ರದಲ್ಲಿ ಎರಡೂ ದಿನಾಂಕ ಬರೆಸುವುದನ್ನು ಮಾತ್ರ ಮರೆಯಬೇಡಿ.